ಒಂದು ತಂಬಿಗೆ ನೀರು, ಎರಡು ತೂಗುಬುಟ್ಟಿ

ಟಪ್!

ಬಿಸಿಲಿಗೆ ಆಗಷ್ಟೇ ಹರಡಿದ್ದ ಅಕ್ಕಿ ಸಂಡಿಗೆಯ ನಟ್ಟನಡುವೆ ಒಂದು ಕೆಂಪು ಹನಿ ಬಿತ್ತು.

ಟಪ್... ಟಪ್... ಟಪಟಪಟಪ!

ಲಹರಿ ತಲೆಯೆತ್ತಿದಳು. ಮೇಲಿನ ಮನೆಯ ಬಾಲ್ಕನಿಯ ಹೊರಗೆ, ಕಬ್ಬಿಣದ ಸರಳಿಗೆ ಒಂದು ಹೂಬುಟ್ಟಿ ತೂಗುತ್ತಿತ್ತು. ಅದರ ತಳದಿಂದ ಕೆಮ್ಮಣ್ಣಿನ ನೀರು ಸೋರಿ, ಅಮ್ಮ ನಸುಕಿನಲ್ಲೆದ್ದು ಹಿಟ್ಟು ಕಾಯಿಸಿ, ತಾನು ಸೊಂಟ ಹಿಡಿಯುವಷ್ಟು ಹೊತ್ತು ಬಗ್ಗಿ ಒತ್ತಿದ ಸಂಡಿಗೆಯ ಮೇಲೆ ಧಾರಾಳವಾಗಿ ಬೀಳುತ್ತಿತ್ತು.

ಇಂಥ ಹೊತ್ತಿನಲ್ಲೂ ಸಿಟ್ಟು ಬರದಿದ್ದರೆ ಅವಳು ಗುಣವತಿಯ ಮಗಳೇ ಅಲ್ಲ ಬಿಡಿ!

ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದವಳು ಬಾಗಿಲು ಬಡಿದಳು. ಬಾಗಿಲು ತೆರೆದದ್ದೇ ತಡ, ಶುರು!

"ಏಮಂಡೀ! ಕಿಂದ ಮನುಷುಲುನ್ನಾರೋ ಲೇದೋ ಚೂಸುಕೋರಾ?" ಕೆಳಗೆ ಮನುಷ್ಯರಿದ್ದಾರೋ ಇಲ್ಲವೋ ನೋಡಿಕೊಳ್ಳಬಾರದೇ ಎಂದು!

ಹೈದರಾಬಾದಿನ ಕುಷಾಯಿಗೂಡದ ಈ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ಕನ್ನಡದ ಮಕ್ಕಳೆಲ್ಲ ಹೀಗೆಯೇ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಜಗಳವಂತೂ ತಪ್ಪದೆ ತೆಲುಗಿನಲ್ಲೇ.

ಎದುರಿಗೆ ನಿಂತವನು ಎತ್ತರದ, ಕಪ್ಪಗಿನ ಹುಡುಗ. ಮೊಣಕೈವರೆಗೆ ಮಣ್ಣು. ಕೈಯಲ್ಲಿ ಹಿತ್ತಾಳೆಯ ತಂಬಿಗೆ.

"ಸಾರೀ ಅಂಡಿ... ಚೂಸುಕೋಲೇದು," ನೋಡಲಿಲ್ಲವೆಂದು ತಡವರಿಸಿದವನು ಓಡಿಹೋಗಿ ಬಾಲ್ಕನಿಯಿಂದ ಕೆಳಗೆ ಬಗ್ಗಿದ. ಬಗ್ಗಿದವನ ಬಾಯಿಂದ ತಾನಾಗಿ ಬಂತು, "ಅಯ್ಯ ಶಿವನ! ಸಂಡಿಗಿ!"

ಲಹರಿ ದಂಗಾದಳು. "ನೀವು ಕನ್ನಡದವ್ರೇನು?"

"ಹೌದ್ರಿ... ಲಿಂಗಸುಗೂರು ಕಡೆಯವ್ರು. ಹೋದ ತಿಂಗಳ ಈ ಮನಿ ಕೊಟ್ಟಾರ. ಅಂಬಾದಾಸ ಅಂತ ನನ್ನ ಹೆಸರು."

"ಹಂಗಾದ್ರ ಕನ್ನಡದಾಗ ಬೈತೀನಿ, ಕೇಳ್ರಿ!"

ಬೈದಳು. ಚೆನ್ನಾಗಿಯೇ ಬೈದಳು. ಸಂಡಿಗೆಯ ಹಿಟ್ಟಿಗೆ ಎಷ್ಟು ತಿರುವಬೇಕು, ಬಿಸಿಲಿಗೆ ಎಷ್ಟು ಕಾಯಬೇಕು, ಕಾಗೆಯನ್ನು ಎಷ್ಟು ಸಲ ಓಡಿಸಬೇಕು, ಎಲ್ಲವನ್ನೂ ಸೇರಿಸಿ ಬೈದಳು. ಅವನು ತಂಬಿಗೆಯನ್ನು ಎದೆಗೆ ಹಿಡಿದುಕೊಂಡು, ಶಾಲೆಯಲ್ಲಿ ನಿಲ್ಲಿಸಿದ ಹುಡುಗನಂತೆ ಪೂರ್ತಿ ಕೇಳಿಸಿಕೊಂಡ.

ಕೊನೆಗೆ ಮೆತ್ತಗೆ ಕೇಳಿದ, "ಮುಗೀತೇನ್ರಿ? ಇಲ್ಲಾಂದ್ರ ನೀರು ಕುಡದು ಮತ್ತ ಬೈರಿ. ಬಿಸಲಾಗ ಬಂದೀರಿ..."

ಅವಳ ತುಟಿಯ ಅಂಚಿಗೆ ನಗು ಬಂದುಬಿಟ್ಟಿತು. ಅದು ಕಾಣಬಾರದೆಂದು ಮುಖ ಆಚೆ ತಿರುಗಿಸಿದಾಗ ಕಣ್ಣು ಬಿದ್ದದ್ದು ಆ ಬುಟ್ಟಿಯ ಮೇಲೆ.

ಅಬ್ಬಾ!

ಬಿಳಿ ಎಸಳು, ನಡುವೆ ಗುಲಾಬಿ ಕಣ್ಣಿನ ಸದಾಪುಷ್ಪ. ಬುಟ್ಟಿಯ ಮೇಲೆ, ಪಕ್ಕದಲ್ಲಿ, ಕೆಳಗೆ, ಎಲ್ಲೆಲ್ಲೂ ಹೂವು. ತಂತಿ ಕಾಣುತ್ತಿಲ್ಲ, ನಾರು ಕಾಣುತ್ತಿಲ್ಲ, ಒಂದೇ ಒಂದು ಒಣಗಿದ ಎಲೆ ಇಲ್ಲ. ಮಾರ್ಚ್ ಕೊನೆಯ ಬಿಸಿಲಿಗೆ ಇಡೀ ಕ್ವಾರ್ಟರ್ಸಿನ ಕುಂಡಗಳು ಬಾಡಿ ಕೂತಿರುವಾಗ ಇದೊಂದು ಮಾತ್ರ ಮದುವೆಮನೆಯ ಹಾಗೆ ತುಂಬಿಕೊಂಡಿತ್ತು.

'ಇಷ್ಟು ಚೆಂದ ಗಿಡ ಬೆಳೆಸೋನ ಮೇಲೆ ನಾನು ಇಷ್ಟು ಕೂಗಾಡಿದೆನಾ...'

"ಇನ್ನ ಮ್ಯಾಲೆ ನೋಡಿ ಹಾಕ್ರಿ," ಎಂದಷ್ಟೇ ಹೇಳಿ ಕೆಳಗಿಳಿದಳು. ಇಳಿಯುವಾಗ ಒಂದೊಂದೇ ಮೆಟ್ಟಿಲು.

*

ಮುಂದಿನ ಐತವಾರ ಅಂಬಾದಾಸ ಕೆಳಗೆ ಬಂದ. ಕೈಯಲ್ಲಿ ಖಾಲಿ ತಂತಿಬುಟ್ಟಿ, ಬಗಲಲ್ಲಿ ತೆಂಗಿನ ನಾರಿನ ಸುರುಳಿ, ಬೆನ್ನಿಗೆ ಮಣ್ಣಿನ ಚೀಲ.

ಅಂಗಳದಲ್ಲಿ ಪೇಪರ್ ಓದುತ್ತ ಕುಳಿತಿದ್ದ ಲಹರಿಯ ತಂದೆ ರಾಮಕೃಷ್ಣ ಕನ್ನಡಕದ ಮೇಲಿನಿಂದ ನೋಡಿದರು. "ಅರೆ, ನಮ್ಮ ಟೆಸ್ಟಿಂಗ್ ಸೆಕ್ಷನ್ ಹುಡುಗ! ಬಾರೋ."

"ಸಂಡಿಗಿ ತಪ್ಪಿಗೆ ಬಂದೀನ್ರಿ ಸರ್."

"ತಪ್ಪು ದಂಡ ಕಟ್ಟಾಕ ಬುಟ್ಟಿ ತಂದಾನ," ಎಂದು ಗುಣವತಿ ಒಳಗಿನಿಂದಲೇ ನಕ್ಕರು.

ಅವನು ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ. ಲಹರಿ ತನಗೇನೂ ಆಸಕ್ತಿಯಿಲ್ಲ ಎಂಬಂತೆ ಪಕ್ಕದಲ್ಲೇ ನಿಂತಳು. ಆಸಕ್ತಿಯಿಲ್ಲದವರು ಅಷ್ಟು ಹತ್ತಿರ ನಿಲ್ಲುವುದಿಲ್ಲ, ಅದು ಬೇರೆ ಮಾತು!

ನಾರನ್ನು ಬುಟ್ಟಿಯೊಳಗೆ ಒತ್ತಿ ಹಾಸಿದ. ಕೆಮ್ಮಣ್ಣು, ಹಳೆಯ ಸಗಣಿಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಕಲಸಿ ಅರ್ಧ ತುಂಬಿದ. ಆಮೇಲೆ ನಾರಿನ ಪಕ್ಕಕ್ಕೆ ಚಾಕುವಿನಿಂದ ಸೀಳು ಬಿಟ್ಟು, ಹತ್ತು ಗಂಟೆ ಹೂವಿನ ಎಳೆಯ ಸಸಿಯೊಂದನ್ನು ಎತ್ತಿಕೊಂಡ. ಒಂದು ತುಂಡು ಕಾಗದದಲ್ಲಿ ಅದರ ತಲೆಯನ್ನು ಮೃದುವಾಗಿ ಸುತ್ತಿ, ಒಳಗಿನಿಂದ ಆ ಸೀಳಿಗೆ ತೂರಿಸಿ, ಹೊರಗಿನಿಂದ ಕಾಗದ ಬಿಚ್ಚಿದ. ಸಸಿ ಒಂದು ಎಲೆಯೂ ಮುರಿಯದೆ ಹೊರಗೆ ಇಣುಕಿತು.

ಎಷ್ಟು ದೊಡ್ಡ ಕೈ, ಎಷ್ಟು ಹಗುರ ಕೆಲಸ! ಲಹರಿ ಉಸಿರು ಹಿಡಿದು ನೋಡಿದಳು.

"ಇದನ್ನೆಲ್ಲ ಯಾರು ಕಲಿಸ್ಯಾರ ನಿಮಗ?"

"ನಮ್ಮ ಅವ್ವ."

"ಅವ್ರು ನರ್ಸರಿಯೊಳಗ ಕೆಲಸ ಮಾಡ್ತಾರೇನು?"

ಅವನ ಕೈ ಒಂದು ಗಳಿಗೆ ನಿಂತಿತು. "ಇಲ್ರಿ... ಮುಂದ ಯಾವಾಗರ ಹೇಳ್ತೀನಿ."

ಬುಟ್ಟಿ ತುಂಬಿದ ಮೇಲೆ ತನ್ನ ಬಾಲ್ಕನಿಯ ಬುಟ್ಟಿಗೆ ಸರಿಯಾಗಿ ಕೆಳಗೆ, ಲಹರಿಯ ಮನೆಯ ಗೋಡೆಗೆ ಕೊಕ್ಕೆ ಬಡಿದು ತೂಗುಹಾಕಿದ.

"ತೂಗುಬುಟ್ಟಿಗೆ ತಳದಿಂದ ಹನಿ ಬೀಳೂ ಮಟಾ ನೀರು ಹಾಕಬೇಕ್ರಿ. ಇಲ್ಲಾಂದ್ರ ನಡುವಿನ ಬೇರಿಗೆ ಮುಟ್ಟೂದಿಲ್ಲ. ಆದ್ರ ಹನಿ ಬಿದ್ರ ನಿಮ್ಮ ಸಂಡಿಗಿ ಹಾಳು. ಅದಕ್ಕ ಈ ಉಪಾಯ. ಮ್ಯಾಲಿಂದು ಸೋರಿದ್ದನ್ನ ಕೆಳಗಿಂದು ಹಿಡೀತೈತಿ. ಒಂದು ತಂಬಿಗಿ ನೀರು, ಎರಡು ಬುಟ್ಟಿ."

"ಹಂಗಾದ್ರ ನನ್ನ ಕೆಲಸ ಏನು?"

"ನೀರು ನಂದು. ಬಾಡಿದ ಹೂ ಚಿವುಟೂದು ನಿಮ್ದು. ಒಪ್ಪಿಗ್ಯಾ?"

"ಒಪ್ಪಿಗಿ," ಎಂದಳು ಲಹರಿ. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಕಿವಿ ಬಿಸಿಯಾಯಿತು.

*

ಏಪ್ರಿಲ್ ತಿಂಗಳಿಡೀ ಲಹರಿಗೆ ಗಡಿಯಾರವೇ ಬೇಕಾಗಲಿಲ್ಲ.

ಬೆಳಗ್ಗೆ ಐದಕ್ಕೆ ಟಪ್ ಎಂದರೆ ಅಂಬಾದಾಸನಿಗೆ ಮೊದಲ ಶಿಫ್ಟ್. ಏಳಕ್ಕೆ ಎಂದರೆ ಎರಡನೆಯದು. ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಆ ಸದ್ದಿಗೆ ಕಾಯುವಳು. ಮೊದಲ ಹನಿ ಎಲೆಯ ಮೇಲೆ ಬಿದ್ದೊಡನೆ, 'ಎದ್ದಾನ' ಎಂದುಕೊಂಡು ಸುಮ್ಮನೆ ನಗುವಳು. ಮೇಲಿನವನು ತನಗಾಗಿ ಏನೋ ಕಳಿಸಿದ ಹಾಗೆ ಅನಿಸುತ್ತಿತ್ತು.

ಅವಳಿಗೆ ಅಬಿಡ್ಸಿನ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಒಂಬತ್ತಕ್ಕೆ ಬಸ್ಸು ಹತ್ತಿದರೆ ಮರಳುವುದು ಕತ್ತಲಾದ ಮೇಲೆ. ಅವಳ ಬುಟ್ಟಿಯ ಹೂವೋ, ಹೆಸರಿಗೆ ತಕ್ಕಂತೆ ಹತ್ತು ಗಂಟೆಗೇ ಅರಳುವಂಥದ್ದು, ಬಿಸಿಲಿಳಿಯುವಷ್ಟರಲ್ಲಿ ಮುದುಡುವಂಥದ್ದು. ತನ್ನ ಹೂವು ತಾನೇ ನೋಡುವ ಭಾಗ್ಯ ಐತವಾರ ಮಾತ್ರ!

"ಇದೇನು ಹೂ ಕೊಟ್ರಿ ನನಗ? ಬರೇ ಮೊಗ್ಗಿ ನೋಡಿ ಹೋಗ್ತೀನಿ, ಮುದುಡಿದ್ದು ನೋಡಾಕ ಬರ್ತೀನಿ!"

ಮರುದಿನ ಹತ್ತೂಕಾಲಿಗೆ ಅವಳ ಫೋನು ಸದ್ದು ಮಾಡಿತು. ಒಂದು ಫೋಟೊ. ಕೆಂಪು, ಹಳದಿ, ಕಿತ್ತಳೆ, ರಾಣಿ ಬಣ್ಣದ ಹೂವೆಲ್ಲ ಬಿಸಿಲಿಗೆ ಬಾಯಿ ತೆರೆದು ನಿಂತಿದ್ದವು. ಕೆಳಗೆ ಎರಡೇ ಶಬ್ದ: 'ಅರಳ್ಯಾವ ನೋಡ್ರಿ.'

ಅಂದಿನಿಂದ ಎರಡನೆಯ ಶಿಫ್ಟಿನ ವಾರಗಳಲ್ಲಿ ಒಂದು ದಿನವೂ ಅದು ತಪ್ಪಲಿಲ್ಲ. ಕಣ್ಣು ಪರೀಕ್ಷೆಗೆ ಕುಳಿತವರಿಗೆ ಅಕ್ಷರ ತೋರಿಸುತ್ತಲೇ ಅವಳು ಹತ್ತು ಗಂಟೆಗೆ ಕಾಯುವಳು. ಒಮ್ಮೆಯಂತೂ ಒಬ್ಬ ಅಜ್ಜ, "ಏಮ್ಮಾ, ನಾ ಕಳ್ಳು ಚೂಸ್ತಾವಾ, ಫೋನು ಚೂಸ್ತಾವಾ?" ಎಂದು ಗದರಿಯೇಬಿಟ್ಟ. ತನ್ನ ಕಣ್ಣು ನೋಡಬೇಕಾದವಳು ಫೋನು ನೋಡುತ್ತ ಕೂತರೆ ಪಾಪ, ಅಜ್ಜನೇನು ಮಾಡಿಯಾನು!

ಐತವಾರ ಬಂದರೆ ಬಾಡಿದ ಹೂ ಚಿವುಟುವ ನೆಪ. ಅವನು ಕೆಳಗಿಳಿದು ಬಂದು ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿ ನೋಡುತ್ತಿದ್ದ. ಬುಟ್ಟಿಯ ಭಾರದಿಂದಲೇ ಅದಕ್ಕೆ ಬಾಯಾರಿಕೆಯೋ ಇಲ್ಲವೋ ಹೇಳುತ್ತಿದ್ದ. ಅಂಬೆಗಾಲಿಡುವ ಕೂಸನ್ನು ಎತ್ತಿದ ಹಾಗೆ ಎತ್ತುವ ಆ ಕೈಯನ್ನು ಲಹರಿ ಎಷ್ಟು ನೋಡಿದರೂ ಅವಳಿಗೆ ಸಾಲದು.

ಹೌದು, ಅವಳಿಗೆ ಅವನ ಮೇಲೆ ಮನಸಾಗಿತ್ತು. ಸುತ್ತುಬಳಸಿ ಹೇಳುವುದೇನಿದೆ!

*

ಮೇ ತಿಂಗಳ ಮೊದಲ ವಾರದಲ್ಲಿ ಅವಳು ಹೂ ಚಿವುಟುತ್ತ, ಅವನ ಮುಖ ನೋಡದೆ ಹೇಳಿದಳು.

"ಮೂವತ್ತೊಂದಕ್ಕ ಅಪ್ಪಾ ರಿಟೈರ್ ಆಗ್ತಾರ. ಕ್ವಾರ್ಟರ್ಸ್ ಬಿಡಬೇಕು. ಗದಗದಾಗ ಮನಿ ನೋಡ್ಯಾರ."

ಅವನ ಕೈಯಲ್ಲಿದ್ದ ಬುಟ್ಟಿ ಅಲುಗಿತು. "ನೀವೂ ಹೋಗ್ತೀರೇನು?"

"ಕನ್ನಡಕದ ಅಂಗಡಿ ಎಲ್ಲಾ ಊರಾಗ ಅದಾವ. ಇಲ್ಲೇ ಇರಾಕ ನನಗೇನು ಕಾರಣ ಐತಿ?" ಎಂದಳು. 'ಹೇಳು... ಕಾರಣ ಐತಿ ಅಂತ ಹೇಳು...'

ಅವನು ಅಲುಗುವ ಬುಟ್ಟಿಯನ್ನು ಹಿಡಿದು ನಿಲ್ಲಿಸಿದ. "ಬರೂ ಐತವಾರದ ಮುಂದಿನ ಐತವಾರ ನಮ್ಮ ಅವ್ವ ಬರ್ತಾಳ. ಆಕೀನ ಕರ್ಕೊಂಡು ನಿಮ್ಮ ಮನಿಗೆ ಬರ್ತೀನಿ. ಬರ್ಲೇನ್ರಿ?" ಎಂದ.

"ಬರ್ರಿ," ಎಂದಳು. ಅಷ್ಟು ಹೇಳಿ ಒಳಗೆ ಓಡಿದವಳು ಅಡುಗೆಮನೆಯ ಬಾಗಿಲಿಗೆ ಹಣೆ ಬಡಿಸಿಕೊಂಡಳು. ನೋವೇ ಗೊತ್ತಾಗಲಿಲ್ಲ!

ಆ ಐತವಾರ ಅವಳು ಬೆಳಗ್ಗೆಯೇ ತಲೆಸ್ನಾನ ಮಾಡಿ ಇಳಕಲ್ ಸೀರೆ ಉಟ್ಟಳು. ಗುಣವತಿ ಏನೂ ಕೇಳದೆ ಕೇಸರಿಬಾತಿಗೆ ರವೆ ಹುರಿದರು. ಅಮ್ಮಂದಿರಿಗೆ ಕೇಳದೆಯೂ ತಿಳಿಯುತ್ತದೆ.

ಹನ್ನೊಂದಕ್ಕೆ ಗೇಟು ಸದ್ದಾಯಿತು. ಒಳಗೆ ಬಂದದ್ದು ಮಾಸಿದ ಸೀರೆಯ, ಸಣಕಲು ಮೈಯ ಹೆಂಗಸು. ಸಿಮೆಂಟಿಗೆ ಬಿರಿದ ಪಾದ. ಅಂಗೈಯಲ್ಲಿ ಇಟ್ಟಿಗೆ ಹೊತ್ತು ಹೊತ್ತು ಗಟ್ಟಿಯಾದ ಚರ್ಮ. ಅಂಗಳದಲ್ಲಿದ್ದ ಲಹರಿ ಕೈಮುಗಿದಳು. ಅಂಬಾದಾಸನ ಅವ್ವ ಸುಗಲಮ್ಮ ತುಸು ತಡೆದು, ಇಳಕಲ್ ಸೀರೆಯನ್ನೊಮ್ಮೆ, ತೂಗುಬುಟ್ಟಿಯನ್ನೊಮ್ಮೆ ನೋಡಿ, ತಲೆಯಾಡಿಸಿ ಮೇಲೆ ಹೋದರು.

ಲಹರಿ ಕಾದಳು. ಕೇಸರಿಬಾತು ಆರಿತು.

ಒಂದು ಗಂಟೆಯೂ ಆಗಿರಲಿಲ್ಲ, ಸುಗಲಮ್ಮ ಚೀಲ ಹಿಡಿದು ದಡದಡ ಇಳಿದು, ಯಾರತ್ತಲೂ ನೋಡದೆ ಗೇಟು ದಾಟಿ ಹೋದರು. ಹಿಂದೆಯೇ ಅಂಬಾದಾಸ. ಅವನೂ ನಿಲ್ಲಲಿಲ್ಲ. ಅಂದು ಯಾರೂ ಅವಳ ಮನೆಯ ಬಾಗಿಲು ಬಡಿಯಲಿಲ್ಲ.

ಮರುದಿನ ಬೆಳಗ್ಗೆ ಏಳು ಹೊಡೆಯಿತು. ಲಹರಿ ಕಣ್ಣು ಮುಚ್ಚಿಕೊಂಡು ಕಾದಳು.

ಏಳೂಕಾಲು... ಏಳೂವರೆ...

ಹನಿ ಬೀಳಲಿಲ್ಲ.

*

ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ.

'ಅವ್ವನಿಗೆ ನಾನು ಹಿಡಿಸಲಿಲ್ಲ... ಬಾಯಿಬಿಟ್ಟು ಹೇಳಲಿಕ್ಕಾಗದೆ ನೀರು ನಿಲ್ಲಿಸಿ ಹೇಳುತ್ತಿದ್ದಾನೆ!'

ನೀವು ಕೇಳಬಹುದು, ಗಿಡ ಬಾಡುತ್ತಿದ್ದರೆ ತಾನೇ ಒಂದು ತಂಬಿಗೆ ನೀರು ಹಾಕಬಾರದಿತ್ತೇ ಈ ಹುಡುಗಿ? ಹಾಕಬಹುದಿತ್ತು. ತಂಬಿಗೆ ಹಿಡಿದು ಎರಡು ಸಲ ಬುಟ್ಟಿಯ ಕೆಳಗೆ ಹೋಗಿ ನಿಂತದ್ದೂ ಹೌದು. ಆದರೆ ತಾನು ನೀರು ಹಾಕಿಬಿಟ್ಟರೆ, ಮೇಲಿನ ನೀರು ನಿಂತುಹೋಯಿತು ಎಂದು ತಾನೇ ಒಪ್ಪಿಕೊಂಡ ಹಾಗೆ! ನಾಳೆ ಬರಬಹುದು, ನಾಳೆ ಬರಬಹುದು ಎಂದು ಎರಡು ಸಲವೂ ಹಾಗೇ ಒಳಗೆ ಬಂದಳು.

ಹತ್ತು ಗಂಟೆಯ ಫೋಟೊಗಳಲ್ಲಿ ಹೂವು ಕಡಿಮೆಯಾಗುತ್ತ ಬಂದವು. ಸೋಮವಾರ ಬುಟ್ಟಿ ತುಂಬ. ಬುಧವಾರ ಒಂಬತ್ತೋ ಹತ್ತೋ. ಗುರುವಾರ ಎರಡು. ಶುಕ್ರವಾರ ಫೋಟೊ ಬರಲೇ ಇಲ್ಲ.

'ಏನಾಯ್ತು?' ಎಂದು ಬರೆದಳು. ಅಳಿಸಿದಳು. 'ನಿಮ್ಮ ಅವ್ವ ಏನಂದ್ರು?' ಎಂದು ಬರೆದಳು. ಅದನ್ನೂ ಅಳಿಸಿದಳು. ಬರ್ತೀನಿ ಅಂದವನು ಅವನು. ಬರಲಿಲ್ಲ. ಇನ್ನು ಕೇಳುವುದೇನು?

ಮುಂದಿನ ಐತವಾರ ಅಂಬಾದಾಸ ಓವರ್‌ಟೈಮ್ ಹಾಕಿಕೊಂಡು ನಸುಕಿಗೇ ಕಾರ್ಖಾನೆಗೆ ಹೋಗಿಬಿಟ್ಟ. ಅಲ್ಲಿಗೆ ಅವಳ ಕೊನೆಯ ಆಸೆಯೂ ಬಾಡಿತು.

ಮನೆಯಲ್ಲಿ ಗಂಟುಮೂಟೆ ಶುರುವಾಯಿತು. ಪಾತ್ರೆಗಳಿಗೆ ಪೇಪರ್ ಸುತ್ತುತ್ತ ಗುಣವತಿ ಕೇಳಿದರು, "ಆ ಬುಟ್ಟಿ ಗದಗಕ್ಕ ಒಯ್ಯೂದೇನ, ಲಹರಿ?"

"ಬ್ಯಾಡಮ್ಮ. ಯಾರದೋ ಅವರಿಗೇ ಕೊಟ್ಟು ಬರ್ತೀನಿ."

ದನಿ ನಡುಗಿತು. ಅಮ್ಮನಿಗೆ ಕೇಳಿಸಿತು. ಅಮ್ಮ ಇನ್ನೊಂದು ಪಾತ್ರೆಗೆ ಪೇಪರ್ ಸುತ್ತಿದರು.

*

ಮೇ ತಿಂಗಳ ಕೊನೆಯ ಐತವಾರ. ಲಾರಿ ಬರಲು ಇನ್ನು ನಾಲ್ಕೇ ದಿನ.

ಲಹರಿ ಸ್ಟೂಲು ಹತ್ತಿ ಬುಟ್ಟಿಯನ್ನು ಕೊಕ್ಕೆಯಿಂದ ಇಳಿಸಿದಳು. ಒಂದು ಕಾಲಕ್ಕೆ ಬಣ್ಣ ಬಣ್ಣವಾಗಿ ತುಳುಕುತ್ತಿದ್ದ ಗಿಡ ಈಗ ಕಂದು ದಾರದ ಉಂಡೆಯಂತೆ ಮುದುಡಿತ್ತು. ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಮಾರ್ಚಿನಲ್ಲಿ ಹಾರಿಕೊಂಡು ಹತ್ತಿದ ಅದೇ ಮೆಟ್ಟಿಲು.

ಬಾಗಿಲು ತೆರೆದೇ ಇತ್ತು. ಬಾಲ್ಕನಿಯಲ್ಲಿ ಅಂಬಾದಾಸ ನಿಂತಿದ್ದ. ಕೈಯಲ್ಲಿ ಅದೇ ಹಿತ್ತಾಳೆ ತಂಬಿಗೆ.

"ತಗೋರಿ, ನಿಮ್ಮ ಬುಟ್ಟಿ," ಎಂದಳು.

ಅವನು ಗಿಡವನ್ನು ನೋಡಿದ. ಮುಖ ಕಪ್ಪಿಟ್ಟಿತು. "ಒಣಗಿಸಿ ಕೊಡಾಕ ಬಂದ್ರೇನು? ಬ್ಯಾಡ ಅನ್ನೂದಿತ್ತು ಅಂದ್ರ ಬಾಯಿಲೇ ಹೇಳಬೇಕಿತ್ರಿ. ಗಿಡಾ ಯಾಕ ಒಣಗಿಸಿದ್ರಿ?"

"ನಾನಾ? ನಾನು ಒಣಗಿಸಿದ್ನಾ? ನೀರು ನಿಲ್ಲಿಸಿದವ್ರು ಯಾರು?"

"ನಾ ಎಲ್ಲಿ ನಿಲ್ಲಿಸೀನಿ?"

"ಎರಡು ವಾರ ಆತು! ಒಂದು ಹನಿ ಬಿದ್ದಿಲ್ಲ!"

"ಸುಳ್ಳು ಹೇಳಬ್ಯಾಡ್ರಿ. ಒಂದು ದಿನಾ ತಪ್ಪಿಸಿಲ್ಲ ನಾನು. ಜ್ವರ ಬಂದಾಗೂ ಎದ್ದು ಹಾಕೀನಿ!"

"ನೀವು ಸುಳ್ಳು ಹೇಳಬ್ಯಾಡ್ರಿ! ದಿನಾ ಬೆಳಿಗ್ಗೆ ಹಾಸಿಗ್ಯಾಗ ಕಿವಿ ಕೊಟ್ಟು ಕಾಯ್ತಿದ್ದಾಕಿ ನಾನು!"

ಎಂದವಳೇ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಆಡಿ ಆಗಿತ್ತು. ಅವನು ಅವಳನ್ನೇ ನೋಡಿದ. ನೋಡಿ, ತಂಬಿಗೆಯ ನೀರನ್ನು ಅಷ್ಟೂ ಸದಾಪುಷ್ಪದ ಬುಟ್ಟಿಗೆ ಸುರಿದ.

ಲಹರಿ ಬುಟ್ಟಿ ಕೆಳಗಿಟ್ಟು, ಕಟಕಟೆಯ ಸರಳುಗಳ ನಡುವೆ ತೋಳು ತೂರಿಸಿ, ತೂಗುಬುಟ್ಟಿಯ ಅಡಿಗೆ ಅಂಗೈ ಒಡ್ಡಿದಳು.

ಇಬ್ಬರೂ ಕಾದರು.

ಬಿಸಿಗಾಳಿ ಬೀಸಿತು. ಕಾರ್ಖಾನೆಯ ಸೈರನ್ ಕೂಗಿ ನಿಂತಿತು. ಅವಳ ಅಂಗೈ ಒಣಗಿಕೊಂಡೇ ಇತ್ತು. ಒಂದು ಹನಿ... ಒಂದೇ ಒಂದು ಹನಿಯೂ ಬೀಳಲಿಲ್ಲ!

"ಇದೇನು..." ಅಂಬಾದಾಸ ಬೆರಗಾಗಿ ನಿಂತ.

ಒಳಗಿನಿಂದ ಸುಗಲಮ್ಮ ಬಂದರು. ಇಂದು ಮತ್ತೆ ಮಗನ ಮನೆಗೆ ಬಂದಿದ್ದ ಅವರು ಇವರಿಬ್ಬರ ಜಗಳವನ್ನು ಒಲೆಯ ಮುಂದೆ ನಿಂತು ಪೂರ್ತಿ ಕೇಳಿಸಿಕೊಂಡಿದ್ದರು. ಸದಾಪುಷ್ಪದ ಬುಟ್ಟಿಯನ್ನು ಇಳಿಸಿ, ನಾರಿನ ಅಂಚನ್ನು ಬೆರಳಿನಿಂದ ಸರಿಸಿದರು. ಒಳಗೆ ಮಣ್ಣೇ ಕಾಣಲಿಲ್ಲ. ಬರೀ ಬಿಳಿ ಬೇರು. ಸುತ್ತಿ ಸುತ್ತಿ, ಹೆಣೆದುಕೊಂಡು, ಬುಟ್ಟಿಯ ಉದ್ದಗಲಕ್ಕೂ ಬೇರು.

"ನೋಡೋ ಮಗನ! ಗಿಡ ಇಷ್ಟು ಬೆಳದೈತಿ. ಹಾಕಿದ್ದಷ್ಟೂ ತಾನ ಕುಡಿಯಾಕತ್ತೈತಿ. ಕೆಳಗ ಎಲ್ಲಿಂದ ಬಿಡಬೇಕು? ಹೋಳಿ ಹಬ್ಬಕ್ಕ ಒಂದು ತಂಬಿಗಿ ಸಾಕಿತ್ತು, ರೋಹಿಣಿ ಬಿಸಲಿಗೂ ಅದ ಒಂದ ತಂಬಿಗ್ಯಾ? ತಳಾ ನೋಡಿ ನೀರು ಹಾಕು ಅಂತ ಎಷ್ಟು ಸಲ ಹೇಳೀನಿ ನಿನಗ?"

ಲಹರಿ ಗೋಡೆಗೆ ಒರಗಿದಳು. ಅಳುವೋ ನಗುವೋ ತಿಳಿಯಲಿಲ್ಲ. ದಿನಾ ಬೆಳಗ್ಗೆ ಅವನು ನೀರು ಹಾಕುತ್ತಲೇ ಇದ್ದ... ಅವಳು ಕಾಯುತ್ತಲೇ ಇದ್ದಳು... ನಡುವೆ ಒಂದು ಗಿಡ ಅಷ್ಟನ್ನೂ ಕುಡಿದು ಹೂ ಬಿಟ್ಟುಕೊಂಡು ಕೂತಿತ್ತು!

"ಅಂದು ಐತವಾರ ಯಾಕ ಬರಲಿಲ್ಲ ಮತ್ತ?" ಎಂದಳು ಸಣ್ಣ ದನಿಯಲ್ಲಿ.

"ಸ್ಲ್ಯಾಬ್ ಹಾಕಾಕತ್ತಾರ, ಲಗೂನ ಬಾ ಅಂತ ಮೇಸ್ತ್ರಿ ಫೋನ್ ಮಾಡಿದ್ದ ತಂಗಿ," ಎಂದರು ಸುಗಲಮ್ಮ. "ಪಟಾನ್‌ಚೆರು ತನಕ ಹೋಗಬೇಕಿತ್ತು. ಕಾಂಕ್ರೀಟ್ ಕಲಸಿದ ಮ್ಯಾಲೆ ಯಾರನ್ನೂ ಕಾಯೂದಿಲ್ಲ."

ಅಂಬಾದಾಸ ತಲೆ ತಗ್ಗಿಸಿದ. "ನಾ ಸಂಜಿಗೆ ಬಂದು ಹೇಳಬೇಕಂತಿದ್ದೆ. ಧೈರ್ಯ ಸಾಲಲಿಲ್ಲ. ನೀವು ಅವ್ವನ್ನ ನೋಡಿದ್ರಿ... ಎರಡು ದಿನಕ್ಕ ಗಿಡ ಬಾಡಾಕ ಹತ್ತಿತು. ಇಟ್ಟಂಗಿ ಹೊರಾಕಿ ಮಗ ಅಂತ ತಿಳೀತು, ಅದಕ್ಕ ಗಿಡಾ ನೋಡೂದು ಬಿಟ್ರು, ನನ್ನೂ ಕೈ ಬಿಟ್ರು ಅಂದ್ಕೊಂಡೆ."

ಲಹರಿಯ ಕಣ್ಣು ತುಂಬಿ ಬಂತು. ಸಿಟ್ಟೂ ಬಂತು.

"ಇಷ್ಟ ಏನು ನನ್ನ ತಿಳ್ಕೊಂಡಿದ್ದು? ನಿಮ್ಮ ಕೈ ಕೆಲಸ ನೋಡಿ ನಾ ಎಷ್ಟು ಬೆರಗಾಗೀನಿ ಗೊತ್ತೈತೇನು? ಆ ಕೈಗೆ ಕಲಿಸಿದ ಕೈ ಇದು!" ಎಂದು ಸುಗಲಮ್ಮನ ಗಟ್ಟಿ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಸುಗಲಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಕ್ಕರು.

"ಕಲಿಸೂದೇನು ಯವ್ವಾ. ಮೂರು ತಿಂಗಳು ಈ ಸೈಟು, ಆರು ತಿಂಗಳು ಆ ಸೈಟು. ನೆಲದಾಗ ಹಚ್ಚಿದ್ರ ಬಿಟ್ಟು ಬರಬೇಕು. ಅದಕ್ಕ ಎಣ್ಣಿ ಡಬ್ಬಿಗೆ ತಂತಿ ಕಟ್ಟಿ, ಶೆಡ್ಡಿನ ಬೊಂಬಿಗೆ ತೂಗು ಹಾಕ್ತಿದ್ದೆ. ಕೆಲಸ ಮುಗದ ದಿನ ಇಳಿಸಿಕೊಂಡ್ರ ಆತು, ತೋಟನೂ ನಮ್ಮ ಜೋಡಿ ಲಾರಿ ಹತ್ತತಿತ್ತು."

ಎಷ್ಟು ಸರಳವಾಗಿ ಹೇಳಿದರು! ಲಾರಿಯ ಹಿಂಭಾಗದಲ್ಲಿ ಪಾತ್ರೆ, ಚಾಪೆ, ಪುಟ್ಟ ಮಗ... ಅವನ ತೊಡೆಯ ಮೇಲೆ ಹೂಬಿಟ್ಟ ಎಣ್ಣೆ ಡಬ್ಬಿ. ಲಹರಿಗೆ ಆ ತಾಯಿಯ ಕಾಲಿಗೆ ಬೀಳಬೇಕೆನಿಸಿತು.

ಸುಗಲಮ್ಮ ಈಗ ಅವಳ ಬುಟ್ಟಿಯನ್ನು ಮುಂದೆ ಎಳೆದುಕೊಂಡರು. ಒಂದು ಕಡ್ಡಿ ಉಗುರಿನಿಂದ ಚಿವುಟಿದರು. ಒಳಗೆ ಹಸಿರಿತ್ತು!

"ಸತ್ತಿಲ್ಲ ಇದು." ಮಣ್ಣಿಗೆ ಬೆರಳು ಹಾಕಿ, ಮೂಗಿನ ಹತ್ತಿರ ತಂದು ಮೂಸಿದರು. ಹುಬ್ಬು ಮೇಲೇರಿತು. "ಈ ಬಿಸಲಿಗೆ ಎರಡು ವಾರ ಉಳಿಯೂ ಮಾತಲ್ಲ. ಯಾರೋ ನೀರು ಹಾಕ್ಯಾರ. ಅಕ್ಕಿ ತೊಳದ ನೀರು."

"ನಾನ ಹಾಕೀನ್ರಿ ಯಕ್ಕಾ."

ಬಾಗಿಲಲ್ಲಿ ಗುಣವತಿ! ಮಗಳು ಬಿಟ್ಟು ಬಂದ ಸ್ಟೂಲು ನೋಡಿ ಹಿಂದೆಯೇ ಬಂದಿದ್ದರು.

"ಮಧ್ಯಾಹ್ನ ಅಕ್ಕಿ ತೊಳದ ನೀರು ಒಂದೀಟು ಹಾಕ್ತಿದ್ದೆ. ಹೆಚ್ಚು ಹಾಕಿದ್ರ ಈಕಿಗೆ ತಿಳೀತೈತಿ, ಬಿಟ್ರ ಗಿಡ ಸಾಯ್ತೈತಿ. ಇವರಿಬ್ರೂ ಸಿಟ್ಟು ಮಾಡ್ಕೊಂಡು ಕುಂತ್ರ ಗಿಡ ಏನು ಪಾಪ ಮಾಡಿತ್ರಿ?"

"ಅಮ್ಮಾ!" ಲಹರಿ ಮುಖ ಮುಚ್ಚಿಕೊಂಡಳು.

"ಏನಮ್ಮ? ಇವರಪ್ಪಗೂ ಗೊತ್ತೈತಿ. ಹುಡುಗನ ಕೆಲಸ, ನಡತಿ ಎಲ್ಲಾ ಅವರ ದಿನಾ ನೋಡ್ಯಾರ. ಯಾವಾಗ ಬಂದು ಕೇಳ್ತಾನ ಅಂತ ಪೇಪರ್ ಹಿಡಕೊಂಡು ಅಂಗಳದಾಗ ಕುಂತು ಕುಂತು ಸಾಕಾಗೈತಿ ಅವರಿಗೆ," ಎಂದು ಗುಣವತಿ ಸುಗಲಮ್ಮನ ಕೈ ಹಿಡಿದರು. "ಬರ್ರಿ ಯಕ್ಕಾ, ಕೆಳಗ ಚಾ ಕುಡಿಯೂಣು. ಆ ದಿನದ ಕೇಸರ್‌ಬಾತ ಇವತ್ತರ ತಿನ್ರಿ, ಹೊಸದು ಮಾಡ್ತೀನಿ."

ಇಬ್ಬರು ಅಮ್ಮಂದಿರೂ ಮೆಟ್ಟಿಲಿಳಿದು ಹೋದರು.

ಬಾಲ್ಕನಿಯಲ್ಲಿ ಇಬ್ಬರೇ ಉಳಿದರು. ಅಂಬಾದಾಸ ಖಾಲಿ ತಂಬಿಗೆಯನ್ನು ತಿರುಗಿಸುತ್ತ ನಿಂತ. ಕಾರ್ಖಾನೆಯಲ್ಲಿ ಕೂದಲೆಳೆಯಂಥ ತಂತಿಗಳನ್ನು ಕೈ ನಡುಗದೆ ಜೋಡಿಸುವವನಿಗೆ ಈಗ ತಂಬಿಗೆ ಹಿಡಿಯಲೂ ಬರುತ್ತಿರಲಿಲ್ಲ.

"ಲಹರಿಯವ್ರ... ನೀವು ಗದಗಕ್ಕ ಹೋಗಬ್ಯಾಡ್ರಿ."

"ಯಾಕ?"

"ನನಗ ನೀವು ಬೇಕು. ಮದುವಿ ಆಗ್ತೀನಿ ನಿಮ್ಮನ್ನ. ನಿಮಗ ಮನಸಿದ್ರ."

ಅವಳು ಮೇಲೆ ನೋಡಿದಳು. ಸದಾಪುಷ್ಪದ ಕೊಕ್ಕೆಯ ಪಕ್ಕದಲ್ಲಿ ಇನ್ನೊಂದು ಕೊಕ್ಕೆ ಇತ್ತು. ಹೊಸದು, ಖಾಲಿ.

"ಅದು ಯಾರಿಗೆ?"

"ಏಪ್ರಿಲ್‌ದಾಗ ಬಡದೀನ್ರಿ. ಕೆಳಗಿನ ಬುಟ್ಟಿ ಒಂದಿನ ಮ್ಯಾಲೆ ಬರಬಹುದು ಅಂತ."

ಅವಳ ಕಣ್ಣಿಂದ ಎರಡು ಹನಿ ಉರುಳಿದವು. "ಹುಚ್ಚ ಅದೀರಿ ನೀವು... ನನಗ ಮನಸೈತಿ. ಸಂಡಿಗಿ ಹಾಳಾದ ದಿನದಿಂದಾನ ಐತಿ!"

ಅವನು ನಕ್ಕ. ಎರಡು ವಾರದಲ್ಲಿ ಅದೇ ಮೊದಲು.

"ಆದ್ರ ಒಂದು ಮಾತು," ಎಂದಳು ಕಣ್ಣೊರೆಸಿಕೊಂಡು. "ಲಾರಿ ಬರೂ ಮಟಾ ನನ್ನ ಬುಟ್ಟಿ ಕೆಳಗ ಇರ್ತೈತಿ. ಅದರ ಹಕ್ಕಿನ ನೀರು ಅದಕ್ಕ ಬರಬೇಕು. ಈಗ!"

ಬುಟ್ಟಿ ಎತ್ತಿಕೊಂಡು ಕೆಳಗೆ ಓಡಿದಳು. ಕೊಕ್ಕೆಗೆ ತೂಗುಹಾಕಿ, ಅದರ ಮೇಲೆ ಅಂಗೈ ಚಾಚಿ ಸ್ಟೂಲಿನ ಮೇಲೆ ನಿಂತಳು. ಮೇಲೆ ಅಂಬಾದಾಸ ತನ್ನ ಬುಟ್ಟಿಯನ್ನು ಮತ್ತೆ ಸರಳಿಗೆ ಸಿಕ್ಕಿಸಿ, ಎರಡನೆಯ ತಂಬಿಗೆ ಸುರಿದ.

"ಬಿತ್ತೇನ್ರಿ?"

"ಇಲ್ಲ. ಹಾಕ್ರಿ."

ಮೂರನೆಯ ತಂಬಿಗೆ.

ಟಪ್!

ತಣ್ಣನೆಯ ಕೆಂಪು ಹನಿ ಅವಳ ಅಂಗೈಯ ನಡುವೆ ಬಿತ್ತು. ಇನ್ನೊಂದು, ಮತ್ತೊಂದು. ಮಣಿಕಟ್ಟಿನಿಂದ ಮೊಣಕೈಗೆ ಇಳಿದು, ಬಳೆ ತೋಯಿಸಿ, ಬಾಡಿದ ಗಿಡದ ಮೇಲೆ ಬೀಳತೊಡಗಿದವು. ಅವಳು ಕೈ ಹಿಂದೆಳೆಯಲಿಲ್ಲ.

"ಬಿತ್ತೇನ್ರಿ?" ಮತ್ತೆ ಕೇಳಿತು ಆ ದನಿ.

"ಇನ್ನೂ ಇಲ್ರಿ," ಎಂದಳು ತೋಯ್ದ ಕೈ ನೋಡುತ್ತ, ತುಟಿ ಕಚ್ಚಿ ನಗುತ್ತ.

ಕಟಕಟೆಯ ಮೇಲಿನಿಂದ ಅವನು ಬಗ್ಗಿ ನೋಡಿದ. ನೋಡಿದ, ತಿಳಿದುಕೊಂಡ.

"ಬಿತ್ತೇನ, ಲಹರಿ?"

ಅವಳು ಮುಖವೆತ್ತಿದಳು.

"ಬಿತ್ತು."

"ಇನ್ನೊಂದು ತಂಬಿಗಿ ಹಾಕ್ಲ್ಯಾ?"

"ನಾಳೆ ಬೆಳಿಗ್ಗೆ ಹಾಕ್ರಿ. ನಾ ಎದ್ದಿರ್ತೀನಿ."